ಷಡ್ಡಕನ ಕಾರಿಗೆ ನಾನು ಹಾಕಿಸಿದ ಬೋರ್ಡು

ಸ್ವಿಚ್ ಬೋರ್ಡಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಮನುಷ್ಯನನ್ನು ನೀವು ಎಂದಾದರೂ ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ನೆತ್ತಿಯ ಮೇಲಿರುವ ಫೋಟೊ ನೋಡಿ. ಅವನೇ.

ವಿಷಯ ಇಷ್ಟು. ನಾವಿರುವುದು ಸಿಂಧನೂರಿನಲ್ಲಿ, ಹೆಂಡತಿಯ ತವರು ಮಸ್ಕಿ. ಅವಳ ತಂಗಿಯನ್ನು ಕೊಟ್ಟಿರುವುದು ಲಿಂಗಸುಗೂರಿಗೆ. ತಂಗಿಯ ಗಂಡ, ಅಂದರೆ ನನ್ನ ಷಡ್ಡಕ ವೀರೇಶ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಈ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡ. ಬಿಳಿ ಬಣ್ಣ. ಸದ್ದೇ ಇಲ್ಲ. (ಸದ್ದು ಮಾಡಿದ್ದರೆ ಬೈಯಲಿಕ್ಕಾದರೂ ಒಂದು ಕಾರಣ ಸಿಗುತ್ತಿತ್ತು.) ನನ್ನದು ಹಳೇ ಬೈಕು. ಅದು ಓಣಿಯ ತುದಿಗೆ ಬರುವ ಮೊದಲೇ ಅತ್ತೆಗೆ ಕೇಳಿಸುತ್ತದೆ.

ಅತ್ತೆ ಬರೀ ಅತ್ತೆಯಲ್ಲ, ನಮ್ಮಪ್ಪನ ಖಾಸಾ ತಂಗಿ. ನನ್ನದು ಒಳಗಿನ ಸಂಬಂಧ, ವೀರೇಶನದು ಹೊರಗಿನದು. ಹಾಗಾಗಿ ಅವನಿಗೆ "ಅಳಿಯಾರ, ಬರ್ರಿ, ಕೂಡ್ರಿ". ನನಗೆ "ಲೇ ಶರಣ್ಯಾ". ಅವನು ಬಂದರೆ ಪೆಟ್ಟಿಗೆಯಿಂದ ಹೊಸ ಚಾದರ ಹೊರಬರುತ್ತದೆ. ನಾನು ಹೋದರೆ ಹಾಸಿಗೆ ಮೂಲೆಯಲ್ಲಿದೆ, ಬೇಕಾದರೆ ಹಾಸಿಕೊಳ್ಳಬೇಕು.

ಅತ್ತೆ ಪಡಸಾಲೆಯಲ್ಲಿ ಶಾವಿಗೆ ಮಷಿನ್ ನಡೆಸುತ್ತಾರೆ. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಹಿಟ್ಟಿನ ಡಬ್ಬಿ ಹಿಡಿದು ಪಾಳಿ ಹಚ್ಚುತ್ತಾರೆ. ಮಷಿನ್ ತಿರುಗಿದರೆ ನನ್ನ ತಲೆಯ ಮೇಲಿನ ಫ್ಯಾನು ಸುಸ್ತಾಗಿ ನಿಲ್ಲುತ್ತದೆ. "ಅತ್ತಿ, ಈ ಹಳೇ ವೈರಿಂಗ್ ತೆಗಿಸು" ಎಂದು ಎಷ್ಟು ಬೇಸಿಗೆ ಹೇಳಿದ್ದೇನೋ, "ಆತು, ನೋಡೋಣು" ಎಂಬ ಉತ್ತರವೂ ಅಷ್ಟೇ ಬೇಸಿಗೆ ಸಿಕ್ಕಿದೆ. ಮಸ್ಕಿಯ ಬಿಸಿಲು ಗೊತ್ತಲ್ಲ? ಹಂಚಿನ ಮೇಲಿನ ರೊಟ್ಟಿಯ ಹಾಗೆ ಮಗ್ಗಲು ಬದಲಿಸುತ್ತ ಮಲಗಿದ್ದೇನೆ.

ಈಗ ಅತ್ತೆಯ ಫೋನ್ ಬಂತು. "ಲೇ, ವೀರೇಶಪ್ಪ ಕಾರ್ ತರಾಕತ್ತಾರ. ಚಾರ್ಜಿಂಗಿಗೆ ಬೋರ್ಡ್ ಹಾಕಸಬೇಕು. ನೀ ಬಂದು ನಿಂತು ಮಾಡಸು."

ನನಗೆ ಮೈಯೆಲ್ಲ ಉರಿಯಿತು. "ಲಿಂಗಸುಗೂರಿಂದ ಮಸ್ಕಿಗೆ ಬರೋದ್ರಾಗ ಆ ಕಾರಿಗೆ ಏನ್ ಹಸಿವಾಗತೈತಿ ಅತ್ತಿ? ಮನ್ಯಾಗ ಚಾರ್ಜ್ ಮಾಡ್ಕೊಂಡ ಬರತಾರ."

"ಹಿಂದಕ ಬೀಗರು ಬಂಡಿ ಕಟ್ಟಿಕೊಂಡು ಬಂದ್ರ ನಿಮ್ಮಜ್ಜ ಮದ್ಲ ಎತ್ತಿಗೆ ಮೇವು ಹಾಕತಿದ್ದ. ಹೊಟ್ಟಿ ತುಂಬೇತೇನು ಅಂತ ಎತ್ತಿಗೆ ಕೇಳತಿದ್ನೇನು?"

ಬೈಕು ಹತ್ತಿ ಮಸ್ಕಿಗೆ ಹೋದೆ.

ಎಲೆಕ್ಟ್ರಿಷಿಯನ್ ಖಾಜಾ ಹಳೇ ಮರದ ಬೋರ್ಡು ಬಿಚ್ಚಿ ನೋಡಿ, "ಸರ್, ಇದಕ್ಕ ಕಾರ್ ಹಚ್ಚಿದ್ರ ಮನಿನ ಸುಡತೈತಿ" ಎಂದ. ಸರಿ, ಲೋಡ್ ಹೆಚ್ಚಿಸಲು ಕರೆಂಟ್ ಆಫೀಸಿಗೆ ಅರ್ಜಿ. ಮೀಟರಿನಿಂದ ಕಾರಿಗೆಂದೇ ಬೇರೆ ದಪ್ಪ ವೈರು. ಎಲ್ಲಾದರೂ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು. ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್. ಗುಂಡಿ ಒಣಗಬಾರದು, ಆಗಾಗ ನೀರು ಹಾಕಬೇಕು ಅಂದ ಖಾಜಾ. ಅತ್ತೆ ಮರುದಿನವೇ ಹೊಸ್ತಿಲು ತೊಳೆದ ಕೈಯಲ್ಲಿ ಅದಕ್ಕೂ ಒಂದು ತಂಬಿಗೆ ನೀರು ಹಾಕಿ, ಚೂರು ಕುಂಕುಮವನ್ನೂ ಹಚ್ಚಿದರು. ನನ್ನ ಫ್ಯಾನಿನ ಲೈನು? ಅದು ಹಳೆಯದೇ. ಅದನ್ನು ಕೇಳುವವರು ಯಾರು!

ಬೋರ್ಡು ಎಲ್ಲಿ ಕೂಡಿಸುವುದು? ಗೇಟಿನ ಹತ್ತಿರ, ಬೇವಿನ ಮರದ ಪಕ್ಕದ ಗೋಡೆಗೆ ಅಂದ ಖಾಜಾ. ಆ ನೆರಳು ಮದುವೆಯಾದಾಗಿನಿಂದ ನನ್ನ ಬೈಕಿನ ಜಾಗ. ಅದನ್ನೂ ವೀರೇಶನಿಗೆ ಬಿಟ್ಟುಕೊಡಬೇಕೇ? "ಅಲ್ಲಿ ಬ್ಯಾಡ. ಎಲಿ ಉದುರಿ ಹೊಸಾ ಕಾರು ಹೊಲಸಾಗತೈತಿ. ಅಡಿಗಿಮನಿ ಗ್ವಾಡಿಗೆ ಹಾಕು" ಎಂದೆ. ಷಡ್ಡಕನ ಕಾರಿನ ಮೇಲೆ ನನಗೆಷ್ಟು ಕಾಳಜಿ ನೋಡಿ!

ಭಾನುವಾರ ಕಾರು ಬಂತು. ಗೇಟಿನ ಹತ್ತಿರ ನಿಲ್ಲಿಸಿ ವೀರೇಶ ಕೇಬಲ್ ಎಳೆದ. ಬೋರ್ಡಿಗೆ ಮುಟ್ಟಲಿಲ್ಲ. ಇನ್ನಷ್ಟು ಎಳೆದ. ಇನ್ನೂ ಎರಡು ಮಾರು ಕಮ್ಮಿ. ಬೇರೆ ದಾರಿಯಿಲ್ಲದೆ ಕಾರನ್ನು ಅಂಗಳದ ನಡುವೆಯೇ ತರಬೇಕಾಯಿತು. ಅಲ್ಲಿ ಓಣಿಯವರ ಶಾವಿಗೆ ಬಿದಿರಿನ ಗಳಗಳ ಮೇಲೆ ಒಣಗುತ್ತಿತ್ತು. ಗಳ ಸರಿಸಲು ಹೋಗಿ ನಾನೇ ಒಂದನ್ನು ಕೆಡವಿದೆ. ಶಾವಿಗೆಯೆಲ್ಲ ನೆಲದ ಮೇಲೆ.

"ಲೇ ಶರಣ್ಯಾ! ಯಾವ ತಲಿ ಇಟ್ಕೊಂಡು ಅಲ್ಲಿ ಬೋರ್ಡ್ ಹಾಕಸಿದಿ? ನಿನ್ನ ಡಬ್ಬಾ ಬೈಕು ನೆಳ್ಳಾಗ ನಿಲ್ಲಲಿ ಅಂತ, ಹೌದಿಲ್ಲೋ? ನಿನ್ನ ಹೊಟ್ಟಿಕಿಚ್ಚಿಗೆ ಮಂದಿ ಶಾವಿಗಿ ಮಣ್ಣುಪಾಲಾತು! ಕೂಡು, ಆರಿಸು!"

ಪಾಳಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಹೆಂಡತಿ ಹಿಡಿಯದೆಯೇ ನಕ್ಕಳು. ನಾನು ಕುಕ್ಕರುಗಾಲಲ್ಲಿ ಕೂತು ಶಾವಿಗೆ ಆರಿಸತೊಡಗಿದೆ. ವೀರೇಶ ಕೈಜೋಡಿಸಲು ಬಂದ.

"ಅಯ್ಯ, ಅಳಿಯಾರ, ನೀವ್ಯಾಕ್ರಿ? ಕುರ್ಚಿ ಮ್ಯಾಲ ಕೂಡ್ರಿ" ಎಂದು ಅತ್ತೆ ಅವನನ್ನು ಎಬ್ಬಿಸಿ ಕುರ್ಚಿಗೆ ಕೂಡಿಸಿ ತಾವು ಒಳಗೆ ಹೋದರು.

ಅವನು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದ: "ಅಣ್ಣಾರ, ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರಿತೈತ್ರಿ."

"ನನ್ನ ನೋಡಿ?"

"ಇಷ್ಟು ವರ್ಷ ಆತು, ಒಮ್ಮೆರ ನನಗ ಹಿಂಗ ಬೈದಾರೇನ್ರಿ? ಈ ಕುರ್ಚಿ ಬಿಟ್ಟು ಅಡಿಗಿಮನಿಗೆ ಕರದಿಲ್ಲ. ನೀವು ನೋಡಿದ್ರ ಸೀದಾ ಒಳಗ ಹೋಗಿ ಬುಟ್ಟ್ಯಾಗಿನ ರೊಟ್ಟಿ ತಗೊಂಡು ತಿಂತೀರಿ. ನಾ ಬರೇ ಬೀಗ ಆಗೇ ಉಳದೀನಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖ ನಿಜಕ್ಕೂ ಸಣ್ಣಗಾಗಿತ್ತು. ಇದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಕಣ್ಣು ತೇವವಾಯಿತು ಎಂದು ಬರೆದರೆ ನೀವು ಮೆಚ್ಚುತ್ತೀರಿ. ಆದರೆ ಸುಳ್ಳು ಯಾಕೆ ಬರೆಯಲಿ? ಚಾರ್ಜಿಗೆ ಹಚ್ಚಿದ ಕಾರಿನ ಹಸಿರು ದೀಪ ಕಣ್ಣೆದುರಿಗೇ ಮಿನುಗುತ್ತಿತ್ತು.

"ಹಂಗಾರ ಅದಲಾಬದಲಿ ಮಾಡೋಣೇನು ವೀರೇಶಪ್ಪ? ಬೈಗಳಾ ನೀ ತಗೋ, ಕಾರು ನನಗ ಕೊಡು" ಎಂದೆ.

ವೀರೇಶ ಜೋರಾಗಿ ನಕ್ಕ, ನಗುತ್ತಲೇ ಕಾರಿನ ಕೀಲಿಯನ್ನು ಜೇಬಿನೊಳಗೆ ಇನ್ನಷ್ಟು ಕೆಳಕ್ಕೆ ತಳ್ಳಿದ.