ಎರಡೂ ಬದಿ ನೀಲಿ ಬರಹ

ಮುಳ್ಳನ್‌ಕೊಲ್ಲಿಯ ಕಾಡಂಚಿನ ಹಾಡಿಯಲ್ಲಿ ಕುಳ್ಳಿ ಎಂಬವಳಿಗೆ ಇದ್ದದ್ದು ಒಬ್ಬನೇ ಮಗ, ಮಾರನ್. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಎಲ್ಲದರಲ್ಲೂ ಪಾಸಾಗಿದ್ದ. ಅದೊಂದು ದಾಟಿದರೆ ಹಾಡಿಯ ಶಾಲೆಗೆ ಅವನೇ ಮಾಷ್, ಅವನೇ ಮೇಷ್ಟ್ರು. ದಾಟದಿದ್ದರೆ ಅವ್ವನ ಹಾಗೆ ಜನ್ಮವಿಡೀ ಕಂಡವರ ಗದ್ದೆಯ ಕೆಸರು.

ಪಾಠ ಹೇಳುತ್ತಿದ್ದ ಪದ್ಮನಾಭನ್ ಮಾಷ್ ಪುಸ್ತಕವನ್ನೇನೋ ಕೊಟ್ಟರು. ಬರೆದು ಕಲಿಯಲು ಕಾಗದ ಎಲ್ಲಿಂದ ಬರಬೇಕು? ಆ ಹೊಣೆ ಕುಳ್ಳಿ ಹೊತ್ತಳು. ಪನಮರಂ ಸಂತೆಯಲ್ಲಿ ಯಾರೋ ಎಸೆದುಹೋಗಿದ್ದ ಹಾಳೆಗಳನ್ನೆಲ್ಲ ಆಯ್ದು ಸೆರಗಿನಲ್ಲಿ ಕಟ್ಟಿ ತಂದಳು. ಒಂದು ಬದಿ ನೀಲಿ ಬರಹ, ಇನ್ನೊಂದು ಬದಿ ಪೂರಾ ಖಾಲಿ. ಅವಳಿಗೆ ಹಿಗ್ಗೋ ಹಿಗ್ಗು!

ಓದಿದ ಮಾರನ್ ಬೆಚ್ಚಿದ. ಜನ್ಮಿ ಜಮೀನ್ದಾರರ ಭೂಮಿ ಕಿತ್ತುಕೊಳ್ಳಿ, ಆಯುಧ ಹಿಡಿಯಿರಿ ಎಂದಿತ್ತು. ಪುಲ್ಪಳ್ಳಿಯಲ್ಲಿ ಬಂಡಾಯಗಾರರು ಪೊಲೀಸ್ ಠಾಣೆಗೆ ನುಗ್ಗಿ ಗಲಾಟೆಯಾದಾಗಿನಿಂದ ಪೊಲೀಸರು ಕಾಡು ಜಾಲಾಡುತ್ತಿದ್ದ ಕಾಲ. "ಇದು ಬ್ಯಾಡ ಅವ್ವಾ" ಅಂದ. ಆದರೆ ಪರೀಕ್ಷೆಗೆ ಹದಿನೈದೇ ದಿನ, ಬೇರೆ ಕಾಗದವಿಲ್ಲ. ಖಾಲಿ ಬದಿಯಲ್ಲಿ ನೀಲಿ ಶಾಯಿಯಿಂದ ಬರೆಯತೊಡಗಿದ. ಬುದ್ಧಿಗೇಡಿ ಕೆಲಸವೇ, ಇಲ್ಲವೆನ್ನುವುದಿಲ್ಲ. ಇನ್ನೇನು ಮಾಡಬೇಕಿತ್ತು ಅವನು?

'ಇಬ್ಬರು ಅಣ್ಣತಮ್ಮಂದಿರು ಟೀಚರ್ ಆಗಲು ಬಯಸಿದರು. ತಪ್ಪು ತಿದ್ದಿ.' ಇಂಗ್ಲಿಷಿನಲ್ಲಿ ಅಂಥ ಪ್ರಶ್ನೆಗಳು. ಅವ್ವನಿಗೂ ಅರ್ಥ ಬಿಡಿಸಿ ಹೇಳುತ್ತಿದ್ದ.

"ಟೀಚರ್ ಅಂದ್ರೆ ಒಬ್ಬ, ಟೀಚರ್ಸ್ ಅಂದ್ರೆ ಸುಮಾರು ಜನ. ಇಲ್ಲಿ ಯಾವ್ದು ಬರ್ಬೇಕು ಹೇಳು?"

"ಇಬ್ರು ಸೇರಿ ಒಂದೇ ಮಾಷ್ ಆಗಾಕಾಯ್ತದಾ, ತಲೆಹರಟೆ! ಇಬ್ರೂ ಇಬ್ರು ಮಾಷೇ ಆಗ್ಲಿ."

ಮಾರನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀ ಕೂತ್ಕೊ ಅವ್ವಾ ಪರೀಕ್ಷೆಗೆ, ನಾ ಗದ್ದೆಗೆ ಹೋಯ್ತೀನಿ."

ಪರೀಕ್ಷೆಗೆ ಎರಡು ದಿನವಿದೆ ಅನ್ನುವಾಗ ಜೀಪು ಬಂತು. ಗುಡಿಸಲಲ್ಲಿ ಆ ಕಾಗದದ ಕಟ್ಟು ಸಿಕ್ಕಿತು. "ನಾನು ತಂದಿದ್ದು ಸಾಮಿ, ನನ್ನ ಹಿಡ್ಕೊಂಡೋಗಿ" ಎಂದು ಕುಳ್ಳಿ ಕಾಲಿಗೆ ಬಿದ್ದಳು. ಅಕ್ಷರ ಬಾರದ ಮುದುಕಿಗೆ ಕರಪತ್ರವೇಕೆ ಎಂದು ನಕ್ಕರು, ಪಾಪಿಗಳು. ಹಿಂಬದಿಯ ಇಂಗ್ಲಿಷ್ ಕಂಡು ಗುಪ್ತ ಸಂದೇಶವೆಂದರು. ಮಾರನ್‌ನನ್ನು ಎಳೆದುಕೊಂಡು ಹೋದರು.

ಪರೀಕ್ಷೆಯ ದಿನ ಅವನು ಲಾಕಪ್ಪಿನಲ್ಲಿದ್ದ. ಮೂರು ತಿಂಗಳಾದ ಮೇಲೆ ಬಿಟ್ಟರು. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಪೆನ್ನು ಹಾಗಿರಲಿ, ಅನ್ನದ ತುತ್ತೂ ಆ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಬಿದಿರ ತಟ್ಟಿಯ ಸಂದಿಯಲ್ಲಿ ಒಂದೇ ಒಂದು ಹಾಳೆ ಪೊಲೀಸರ ಕಣ್ಣಿಗೆ ಬೀಳದೆ ಉಳಿದಿತ್ತು. ಕುಳ್ಳಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪದ್ಮನಾಭನ್ ಮಾಷ್ ಮನೆಗೆ ಹೋದಳು. ಎರಡೂ ಬದಿ ತಿರುಗಿಸಿ ತಿರುಗಿಸಿ ತೋರಿಸಿದಳು.

"ಮಾಷೇ, ಇದ್ರಲ್ಲಿ ನನ್ನ ಮಗ ಬರ್ದಿದ್ದು ಯಾವ ಬದಿ? ಇನ್ನೊಂದು ಬದಿ ಮಾತ್ರ ಸುಟ್ಟಾಕ್ತೀನಿ. ಅವ ಬರ್ದಿದ್ದು ನಂಗೆ ಬೇಕು. ಇನ್ನು ಅವ ಬರಿಯಲ್ಲ."