ರೇಡಿಯೇಟರಿಗೆ ಕಪಿಲೆ ನೀರು

ನಂಜನಗೂಡಿನಲ್ಲಿ ನನ್ನ ಪಕ್ಕದ ಮನೆಯಲ್ಲಿ ಕಾರಿನ ರೇಡಿಯೇಟರ್ ರಿಪೇರಿ ಮಾಡುವವರೊಬ್ಬರು ಒಂಟಿಯಾಗಿದ್ದರು. ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲ. ಅವರು ಒಂದನ್ನು ಕೊಂಡು ತಂದು, ಭಾನುವಾರವೆಲ್ಲ ಅದರಲ್ಲಿ ಕಾರ್ ರೇಸ್ ಆಡುತ್ತಿದ್ದರು. ಇಬ್ಬರು ಆಡುವ ಆಟ. ಎರಡೂ ಕಾರನ್ನು ಅವರೇ ಓಡಿಸುತ್ತಿದ್ದರು, ಎಡಗೈಯಲ್ಲೊಂದು, ಬಲಗೈಯಲ್ಲೊಂದು. ಕಂಪ್ಯೂಟರ್ ಬಿಸಿಯೇರಿ ಆಫ್ ಆಗುತ್ತಿತ್ತು. ಅದಕ್ಕೆಂದು ಹಳೆಯ ಕಾರಿನಿಂದ ಬಿಚ್ಚಿದ ಪುಟ್ಟ ರೇಡಿಯೇಟರ್, ಬಿಸಿ ಹೀರಲು ತಾವೇ ಬೆಸೆದ ತಾಮ್ರದ ಡಬ್ಬಿ, ಮೀನಿನ ತೊಟ್ಟಿಯ ಪಂಪು ಎಲ್ಲ ಜೋಡಿಸಿ, ಒಳಗಿನದು ಕಾಣುವ ಪೈಪಿನಲ್ಲಿ ನೀರು ಹರಿಸಿದರು. ಜ್ವರ ಬಂದವರ ಹಣೆ ಮುಟ್ಟುವಂತೆ ಆ ಪೈಪನ್ನು ಆಗಾಗ ಮುಟ್ಟಿ, "ನೀರು ಓಡ್ತಾ ಇರ್ಬೇಕು ಸಾ" ಎನ್ನುತ್ತಿದ್ದರು.

ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಹಾಕಿ ಎಂದು ನಾನು ಮೊದಲೇ ಹೇಳಿದ್ದೆ. "ಕಪಿಲೆ ಇರೋ ಊರಲ್ಲಿ ನೀರು ಕೊಂಡ್ಕೊಂಡ್ ಬರೋದಾ ಸಾ?" ಎಂದು ನಕ್ಕು, ಹೊಳೆಯಿಂದ ಒಂದು ಬಿಂದಿಗೆ ತಂದು ಸುರಿದಿದ್ದರು. ತಿಂಗಳಾಗುವಷ್ಟರಲ್ಲಿ ಪೈಪಿನ ತುಂಬ ಹಸಿರು ಪಾಚಿ. ಸುಮ್ಮನಿರಲಾರದೆ ನಾನೇ ಬ್ಯಾಟರಿ ನೀರಿನ ಕ್ಯಾನ್ ಹಿಡಿದು ಹೋದೆ. ಪಾಚಿಯೆಲ್ಲ ತೊಳೆದುಬಿಡೋಣ ಎಂದೆ.

ಅವರು ಪೈಪಿಗೆ ಕೈ ಅಡ್ಡ ಇಟ್ಟರು.

"ಬ್ಯಾಡಿ ಸಾ. ಈ ಮನೇಲಿ ನನ್ ಬುಟ್ರೆ ಜೀವ ಇರೋದು ಅದೊಂದ್ಕೇಯ."