ಹಿತ್ತಲಲ್ಲಿ ತೂಗಿದ ಮೂಳೆಚೀಲ

ಹಾಸನದ ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ವರ್ಷ ಸೀನಿಯರ್ ಒಬ್ಬಳಿಂದ ನನಗೊಂದು ಚೀಲ ಮೂಳೆ ಬಂತು. ಸೊಂಟದ್ದೊಂದು, ತೊಡೆಯದ್ದೊಂದು, ಮೊಣಕಾಲಿನ ಕೆಳಗಿನವು ಎರಡು, ಜೊತೆಗೆ ಮೊಣಕಾಲ ಚಿಪ್ಪು. ರಜೆಯಲ್ಲಿ ಅದನ್ನು ಹೊತ್ತು ಹೊಳೆನರಸೀಪುರದ ಮನೆಗೆ ಬಂದರೆ, ದೇವಸ್ಥಾನದ ಅರ್ಚಕರಾದ ಅಪ್ಪ ಹೊಸ್ತಿಲಲ್ಲೇ ತಡೆದರು.

"ಹೆಣದ ಮೂಳೆ ಒಳಗೆ ಬರಕೂಡದು. ಅದನ್ನ ಮುಟ್ಟಿದ್ಮೇಲೆ ತಲೆಗೆ ಸ್ನಾನ ಮಾಡ್ದೆ ನೀನೂ ಬರಕೂಡದು."

ಆಗಲಿ ಎಂದೆ. ಚೀಲವನ್ನು ಹಿತ್ತಲ ಸೀಬೆಮರಕ್ಕೆ ತೂಗುಹಾಕಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ತೊಡೆಮೂಳೆಯ ಗುಂಡುತಲೆ ಒಳಮುಖ, ಉದ್ದನೆಯ ಏಣು ಹಿಂದೆ. ಹಾಗೆ ಹಿಡಿದರೆ ಎಡಗಾಲಿನದೋ ಬಲಗಾಲಿನದೋ ಗೊತ್ತಾಗುತ್ತದೆ. ಹಠಕ್ಕೆ ದಿನಕ್ಕೆ ನಾಲ್ಕು ಸಲ ತಲೆಗೆ ನೀರು ಹಾಕಿಕೊಂಡೆ. ಬಚ್ಚಲ ಒಲೆಯ ಸೌದೆ ಮುಗಿಯುತ್ತ ಬಂದರೂ ಅಪ್ಪ ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ಅಪ್ಪನ ಅಮ್ಮ, ನನ್ನ ಅಜ್ಜಿ, ಹಿತ್ತಲ ಬಾಗಿಲಲ್ಲಿ ದೇವರಿಗೆ ಹೂ ಕಟ್ಟುತ್ತ, "ಇದ್ಯಾವುದೇ? ಅದ್ಯಾವುದೇ?" ಎಂದು ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಮಡಿನೀರು ತರುವಾಗ ಜಾರಿ ಬಿದ್ದಳು. ಕಲ್ಲಿನ ಮೇಲೆ ಓದುತ್ತಿದ್ದ ನಾನು, ಸ್ನಾನವಾಗಿಲ್ಲವೆಂದು, ಹೊರಗೇ ನಿಲ್ಲಬೇಕಾಯಿತು. ಅಪ್ಪ ಅವಳನ್ನು ನಡುಮನೆಯಲ್ಲಿ ಮಲಗಿಸಿ ಉಳುಕು ತೆಗೆಯುವವನನ್ನು ಕರೆಸಿದರು. ಅವನು ಎಣ್ಣೆ ಸವರಿ ಹಿಮ್ಮಡಿ ಹಿಡಿದ.

"ಏನಿಲ್ಲ ಸಾಮಿ, ಬರೀ ಉಳುಕು. ಒಂದ್ಸಲ ಎಳೆದ್ಬುಟ್ರೆ ಸರಿಯೋಯ್ತದೆ."

ಬಾಗಿಲಿನಿಂದ ನೋಡಿದೆ. ಅಜ್ಜಿಯ ಬಲಪಾದ ಹೊರಕ್ಕೆ ವಾಲಿಕೊಂಡಿತ್ತು. ಒಳಗೆ ನುಗ್ಗಿದೆ.

"ಎಳೀಬೇಡಿ! ಕೈ ಬಿಡಿ!"

"ನಿಂದು ಸ್ನಾನ ಆಗಿಲ್ಲ, ಮುಟ್ಟಬೇಡ!" ಎಂದರು ಅಪ್ಪ.

"ಆಗಿಲ್ಲ. ಮಾಡೋದೂ ಇಲ್ಲ."

"ಮುಟ್ಟಲಿ ಬಿಡೋ," ಎಂದು ಅಜ್ಜಿ ನರಳಿದಳು.

ಹೂಬುಟ್ಟಿಯ ದಾರ ಎಳೆದುಕೊಂಡೆ. ಸೊಂಟದ ಮುಂದೆ ಬೆರಳಿಗೆ ಸಿಗುವ ಮೂಳೆಯ ಗಂಟಿನಿಂದ ಪಾದದ ಮೇಲಿನ ಒಳಗಂಟಿನವರೆಗೆ ಎಡಗಾಲನ್ನು ಅಳೆದೆ. ಅದೇ ಅಳತೆಯನ್ನು ಬಲಗಾಲಿಗೆ ಹಿಡಿದರೆ ದಾರ ಎರಡು ಬೆರಳಷ್ಟು ಮಿಕ್ಕಿತು. ಮಿಕ್ಕದ್ದನ್ನು ಅಪ್ಪನಿಗೆ ತೋರಿಸಿದೆ.

"ಉಳುಕಿದ ಕಾಲು ಹೀಗೆ ಗಿಡ್ಡ ಆಗಲ್ಲ. ತೊಡೆಮೂಳೆ ಮೇಲ್ಗಡೆ ಮುರಿದಿದೆ. ಈಗ ಎಳೆದ್ರೆ ಅಜ್ಜಿ ಮತ್ತೆ ನಡಿಯಲ್ಲ."

ಮೊದಲು ಕೈಬಿಟ್ಟವನು ಉಳುಕು ತೆಗೆಯುವವನೇ. ಹಾಸನದಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ನಾನು ಹೇಳಿದ್ದನ್ನೇ ಹೇಳಿದರು. ಆಪರೇಷನ್ ಆಗಿ, ಕೆಲವು ವಾರಗಳ ಮೇಲೆ ಅಜ್ಜಿ ವಾಕರ್ ಹಿಡಿದು ನಡೆದಳು.

ಆದರೂ ಚೀಲ ಮರದಲ್ಲೇ ಇತ್ತು. ಒಂದು ಮಧ್ಯಾಹ್ನ ಮೋಡ ಕಟ್ಟಿದಾಗ ಅಜ್ಜಿ, "ಅದನ್ನ ಒಳಗೆ ತಾರೇ, ನೆನೆಯುತ್ತೆ," ಎಂದಳು.

"ಅಮ್ಮಾ, ಹೆಣದ ಮೂಳೆ ಅದು," ಎಂದರು ಅಪ್ಪ.

"ನನ್ನೊಳಗಿರೋದೂ ಅದೇ ಮೂಳೆ ಕಣೋ. ನನ್ನನ್ನೂ ಮರಕ್ಕೆ ತೂಗುಹಾಕ್ತೀಯಾ?"

ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ನಾನು ಚೀಲ ಬಿಚ್ಚಿ ತಂದು ನಡುಮನೆಯಲ್ಲಿ ಇಟ್ಟೆ. ಸ್ನಾನ ಮಾಡಲಿಲ್ಲ.